ಮದುವೆ ಫೋಟೋಗ್ರಾಫರ್‌ಗೆ ಹೆಣ್ಣು ಕೊಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ತಂಗಿಗೆ ಒಬ್ಬ ಮದುವೆ ಫೋಟೋಗ್ರಾಫರ್ ಸಂಬಂಧ ಬಂದಿದೆ, ಹುಡುಗ ಎಲ್ಲರಿಗೂ ಒಪ್ಪಿಗೆ, ಆದರೆ ತಿಂಗಳ ಸಂಬಳ ಇಲ್ಲ, ರಾತ್ರಿ ಹಗಲು ಊರೂರು ಸುತ್ತುವ ಕೆಲಸ ಅಂತ ಅಮ್ಮ ಹಿಂದೇಟು ಹಾಕುತ್ತಿದ್ದಾರೆ, ಇಂಥವರ ಸಂಸಾರ ನಿಜಕ್ಕೂ ಹೇಗಿರುತ್ತೆ ಅಂತ. ನಾನು ಹಾಸನದವನು, ಇದೇ ಕಸುಬು. ಹೆಂಡತಿ, ಶಾಲೆಗೆ ಹೋಗುವ ಮಗಳು, ಅಮ್ಮ ಇದ್ದಾರೆ. ಚಿಕ್ಕ ಉತ್ತರ ಬೇಕಿದ್ದರೆ: ಕೊಡಬಹುದು. ಆದರೆ ನಿಮ್ಮವರು ಬರೀ ಆದಾಯ ವಿಚಾರಿಸುತ್ತಿರುವ ಹಾಗಿದೆ. ಆ ಮನೆಯಲ್ಲಿ ವರ್ಷ ಹೇಗೆ ಉರುಳುತ್ತೆ, ಮದುವೆಯಾದ ಮೇಲೆ ಅವನ ಕೆಲಸದಲ್ಲಿ ಎಷ್ಟು ಭಾಗ ನಿಮ್ಮ ತಂಗಿಯ ತಲೆ ಮೇಲೆ ಬರುತ್ತೆ, ಇದನ್ನೂ ವಿಚಾರಿಸಿ.

ಮೊದಲು ವರ್ಷದ ಲೆಕ್ಕ. ನಮ್ಮ ಮನೆ ನಡೆಯುವುದು ಪಂಚಾಂಗದ ಮೇಲೆ. ಆಷಾಢ ಖಾಲಿ, ಪಿತೃಪಕ್ಷ ಖಾಲಿ, ಧನುರ್ಮಾಸ ಖಾಲಿ, ಗುರು ಅಥವಾ ಶುಕ್ರ ಅಸ್ತವಾದರೆ ಆ ದಿನಗಳೂ ಖಾಲಿ. ಮಿಕ್ಕ ತಿಂಗಳುಗಳಲ್ಲಿ ಒಳ್ಳೆಯ ಮುಹೂರ್ತ ಒಂದೇ ದಿನ ಬಂದು ಇಡೀ ಜಿಲ್ಲೆಯ ಛತ್ರಗಳು ಭರ್ತಿ. ಅಧಿಕ ಮಾಸ ಬಂದ ವರ್ಷವಂತೂ ಕೇಳಬೇಡಿ. 2023ರಲ್ಲಿ ಆಷಾಢ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಜುಲೈ 18ಕ್ಕೆ ಅಧಿಕ ಶ್ರಾವಣ ಶುರುವಾಗಿ ಆಗಸ್ಟ್ 16ರವರೆಗೆ ಎಳೆಯಿತು, ಒಟ್ಟು ಎರಡು ತಿಂಗಳು ಕ್ಯಾಮೆರಾ ಬ್ಯಾಗ್ ಮಂಚದ ಕೆಳಗೆ. 2026ರಲ್ಲಿ ಅದು ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15, ಸರಿಯಾಗಿ ಸೀಸನ್ನಿನ ಹೊಟ್ಟೆಯಲ್ಲಿ. ಬೇರೆಯವರು ಹಬ್ಬ ನೋಡಲು ಪಂಚಾಂಗ ತೆಗೆದರೆ ನನ್ನ ಹೆಂಡತಿ ಸಾಲದ ಕಂತು ನೋಡಿಕೊಳ್ಳಲು ತೆಗೆಯುತ್ತಾಳೆ.

ಇದರಲ್ಲಿ ಒಂದು ತಮಾಷೆಯಿದೆ. ಫೋಟೋಗ್ರಾಫರ್ ಗಂಡ ಕೈಗೆ ಸಿಗುವ ತಿಂಗಳು ಆಷಾಢ. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಬೇಕಾದ ತಿಂಗಳೂ ಆಷಾಢ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಂತೆ. ನಮ್ಮ ಮದುವೆಯ ಮೊದಲ ವರ್ಷ ಸೀಸನ್ ಪೂರ್ತಿ ನಾನು ಛತ್ರದಲ್ಲಿ, ನಾನು ಮನೆಗೆ ಬರುವ ಹೊತ್ತಿಗೆ ಅವಳು ಅರಸೀಕೆರೆಯಲ್ಲಿ. ನಿಮ್ಮ ತಂಗಿಗೂ ಇದೇ ಆಗುತ್ತೆ. ಶಾಸ್ತ್ರ ಬಿಡಲು ಒಪ್ಪದ ಅತ್ತೆಯಾದರೆ ಅಳಿಯನನ್ನೇ ಆ ತಿಂಗಳು ನಿಮ್ಮ ಮನೆಗೆ ಕರೆಸಿಕೊಳ್ಳಿ, ಅವನಿಗೆ ಬೇರೆ ಕೆಲಸವೇನೂ ಇರುವುದಿಲ್ಲ.

ಮಕ್ಕಳ ರಜೆಯೂ ಹೀಗೇ ತಿರುಗುಮುರುಗು. ಏಪ್ರಿಲ್, ಮೇ ಶಾಲೆಗೆ ರಜೆ, ನಮಗೆ ಉಸಿರಾಡಲು ಪುರುಸೊತ್ತಿಲ್ಲ. ನಾವು ಕುಟುಂಬ ಸಮೇತ ಎಲ್ಲಿಗಾದರೂ ಹೋಗುವುದು ಡಿಸೆಂಬರ್ ಕೊನೆಗೆ, ಧನುರ್ಮಾಸವೂ ಕ್ರಿಸ್‌ಮಸ್ ರಜೆಯೂ ಕೂಡಿ ಬರುವ ಆ ಒಂದು ವಾರ. ಮಗಳ ಹುಟ್ಟುಹಬ್ಬ ಮೇ ತಿಂಗಳಲ್ಲಿ. ಅದನ್ನು ಬುಕಿಂಗ್ ಇಲ್ಲದ ಹತ್ತಿರದ ಯಾವುದಾದರೂ ಮಂಗಳವಾರ ಮಾಡುತ್ತೇವೆ. ಅವಳಿಗೆ ಬೇಜಾರೇನಿಲ್ಲ, ಕೇಕ್ ಎರಡು ಸಲ ಸಿಗುತ್ತೆ. ಅಮ್ಮನಿಗೆ ಮಾತ್ರ ಮಂಗಳವಾರ ಅನ್ನುವುದು ಇವತ್ತಿಗೂ ಹಿಡಿಸಿಲ್ಲ.

ಇನ್ನು ಕೆಲಸ ಹೇಗಿರುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದವರಿಗೆ ಇದು ಬಟನ್ ಒತ್ತುವ ಕೆಲಸ. ಲಗ್ನಪತ್ರಿಕೆ ಕೈಗೆ ಬಂದಾಗ ನಾವು ಮೊದಲು ನೋಡುವುದು ಮುಹೂರ್ತದ ಹೊತ್ತು. ಬ್ರಾಹ್ಮಿ ಮುಹೂರ್ತ ಅಂದರೆ ಕಿಟಕಿಯಿಂದ ಬೆಳಕಿಲ್ಲ, ಪೂರ್ತಿ ಛತ್ರದ ದೀಪವನ್ನೇ ನಂಬಬೇಕು, ವಧುವಿನ ಕಣ್ಣು ನಿದ್ದೆಗೆಟ್ಟು ಊದಿರುತ್ತೆ. ಅಭಿಜಿನ್ ಲಗ್ನ ಅಂದರೆ ನಡು ಮಧ್ಯಾಹ್ನ, ಬಯಲಲ್ಲಿ ಚಪ್ಪರ ಹಾಕಿದ್ದರೆ ಬಟ್ಟೆಯ ಬಣ್ಣವೆಲ್ಲ ಮುಖಕ್ಕೆ ಇಳಿಯುತ್ತೆ. ಕೆಂಪು ಶಾಮಿಯಾನದ ಕೆಳಗೆ ನಿಂತ ಮದುಮಗನಿಗೆ ಜ್ವರ ಬಂದ ಹಾಗೆ ಕಾಣುತ್ತೆ. ಗೋಧೂಳಿ ಲಗ್ನ ನನಗೆ ಅಚ್ಚುಮೆಚ್ಚು, ಹೊರಗೆ ನಿಲ್ಲಿಸಿ ತೆಗೆಯಲು ಅರ್ಧ ಗಂಟೆ ಒಳ್ಳೆಯ ಬೆಳಕು ಸಿಗುತ್ತೆ. ಆದರೆ ಆ ಅರ್ಧ ಗಂಟೆ ಹೊತ್ತಿಗೇ ಬ್ಯೂಟೀಷಿಯನ್ ಬಾಗಿಲು ತೆಗೆಯುವುದಿಲ್ಲ.

ಛತ್ರದ ಎಲ್‌ಇಡಿ ದೀಪಗಳದ್ದು ಇನ್ನೊಂದು ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತೆ. ಶಟರ್ ವೇಗ ಜಾಸ್ತಿ ಮಾಡಿದರೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ, ಸೆಕೆಂಡಿನ 1/100 ಅಥವಾ 1/50 ಪಾಲಿಗೆ ಇಳಿಸಿದರೆ ಪಟ್ಟಿ ಹೋಗುತ್ತೆ, ಆದರೆ ಅಕ್ಷತೆ ಎರಚುವ ಕೈ ಮಸುಕಾಗುತ್ತೆ. ಇದರ ನಡುವೆ ಫ್ಲ್ಯಾಶ್ ಎಷ್ಟು, ಎಲ್ಲಿಂದ, ಯಾವ ಗೋಡೆಗೆ ಬಡಿದು ಬರಬೇಕು ಅನ್ನುವುದನ್ನು ಹಿಂದಿನ ದಿನದ ಆರತಕ್ಷತೆಯಲ್ಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಆರತಕ್ಷತೆಯ ನೇರಳೆ ಬಣ್ಣದ ಪಾರ್ ಲೈಟ್‌ಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಡೆಕೋರೇಷನ್ನವರಲ್ಲಿ ನನಗೆ ಸ್ನೇಹಿತರಿದ್ದಾರೆ.

ತಾಳಿ ಕಟ್ಟುವ ಹೊತ್ತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂತರಪಟ ಹಿಡಿದಿದ್ದಾರೆ, ಹುಡುಗ ಹುಡುಗಿಯ ಕೈಯಲ್ಲಿ ಜೀರಿಗೆ ಬೆಲ್ಲ. ಪಟ ಸರಿದದ್ದೇ ತಡ ಒಬ್ಬರ ತಲೆಗೆ ಒಬ್ಬರು ಹಾಕುತ್ತಾರೆ, ಆಗ ಮುಖದಲ್ಲಿ ಮೂಡುವ ನಗು ಒಂದೇ ಗಳಿಗೆಯದು. ಆಮೇಲೆ ಪುರೋಹಿತರು ತಾಳಿಯನ್ನು ತಟ್ಟೆಯಲ್ಲಿಟ್ಟು ಎಲ್ಲರಿಂದ ಮುಟ್ಟಿಸಿಕೊಂಡು ಬರಲು ಕಳಿಸುತ್ತಾರೆ. ಆ ತಟ್ಟೆ ಸಭೆ ಸುತ್ತಿ ಬರುವಷ್ಟರಲ್ಲಿ ನಾನು ಬ್ಯಾಟರಿ ಮತ್ತು ಕಾರ್ಡ್ ಎರಡನ್ನೂ ಬದಲಿಸುತ್ತೇನೆ, ಅರ್ಧ ಬಾಕಿ ಇದ್ದರೂ ಸರಿ. ಇದು ನನಗೆ ಕಸುಬು ಕಲಿಸಿದ ಯಜಮಾನರ ಪಾಠ. ಅವರದ್ದು 36 ಫ್ರೇಮಿನ ರೀಲಿನ ಕಾಲ. ತಾಳಿಗೆ ಮುಂಚೆ ರೀಲಿನಲ್ಲಿ ಇನ್ನೂ ಹತ್ತು ಫ್ರೇಮ್ ಉಳಿದಿದ್ದರೂ ಸುತ್ತಿ ತೆಗೆದು ಹೊಸದು ಹಾಕುತ್ತಿದ್ದರಂತೆ. ಹತ್ತು ಫ್ರೇಮ್ ನಷ್ಟ ಅಂತ ಕೈ ಹಿಡಿದವನು 37ನೇ ಫ್ರೇಮಿಗೆ ತಾಳಿ ಸಿಕ್ಕಿಸಿಕೊಳ್ಳುತ್ತಾನೆ ಅನ್ನುತ್ತಿದ್ದರು.

ನಾದಿನಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಜಡೆ ಎತ್ತಿ ಹಿಡಿಯುವವಳು, ಗಂಟು ಬಿಗಿಯಲು ನೆರವಾಗುವವಳು ಅವಳೇ. ಅವಳು ಒಂದು ಹೆಜ್ಜೆ ಮುಂದೆ ನಿಂತರೆ ವಧುವಿನ ಮುಖವೇ ಮುಚ್ಚಿಹೋಗುತ್ತೆ. ನಾನು ನಿಲ್ಲುವುದು ಮದುಮಗನ ಬಲ ಭುಜದ ಹಿಂದೆ, ಸ್ವಲ್ಪ ಬಗ್ಗಿ. ನನ್ನ ಜೊತೆಯವನು ಪಕ್ಕದಿಂದ ಇಬ್ಬರ ಮುಖವೂ ಬರುವ ಹಾಗೆ. ಕಣ್ಣು ವ್ಯೂಫೈಂಡರಿನಲ್ಲಿದ್ದರೂ ಕಿವಿ ವಾಲಗದವರ ಕಡೆ ಇರಬೇಕು. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂದ ತಕ್ಷಣ ಡೋಲಿನ ಪೆಟ್ಟು ಬದಲಾಗುತ್ತೆ, ಮುಂದಿನ ಸಾಲಿನವರೆಲ್ಲ ಎದ್ದು ಮೊಬೈಲ್ ಎತ್ತುತ್ತಾರೆ, ಅಕ್ಷತೆ ಬೆನ್ನಿಗೂ ಲೆನ್ಸಿಗೂ ಬಡಿಯುತ್ತೆ, ಹೋಮದ ಹೊಗೆಗೆ ಆಟೋಫೋಕಸ್ ತಡಕಾಡುತ್ತೆ. ಕೆಲವರು ಸಿಗಲಿಲ್ಲವೆಂದು ‘ಇನ್ನೊಂದು ಸಲ ತಾಳಿ ಹಿಡ್ಕೊಳ್ಳಿ ಸಾರ್’ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಉಂಗುರ ಹುಡುಕುವ ಆಟವನ್ನು ಇನ್ನೊಮ್ಮೆ ಆಡಿಸಿ ಬೇಕಾದರೆ, ತಾಳಿಯನ್ನು ನಟಿಸಿ ತೋರಿಸಿ ಅನ್ನಬಾರದು.

ಇಷ್ಟೆಲ್ಲ ತಂತ್ರ ಕಲಿತರೂ ನೆಂಟಸ್ತಿಕೆ ಗೊತ್ತಿಲ್ಲದಿದ್ದರೆ ಫೋಟೋ ಬರುವುದಿಲ್ಲ. ನಮ್ಮ ಕಡೆ ಮದುವೆಗಳಲ್ಲಿ ಹುಡುಗಿಯನ್ನು ಹಸೆಮಣೆಗೆ ಕರೆತರುವವನು ಸೋದರಮಾವ. ಅವನ ಮುಖ ಸರಿಯಾಗಿ ಬಾರದ ಆಲ್ಬಂ ಒಂದು ಮನೆಯಲ್ಲಿ ವರ್ಷಗಟ್ಟಲೆ ಜಗಳಕ್ಕೆ ಕಾರಣವಾಗಬಲ್ಲದು. ಯಾರು ಅತ್ತೆ, ಯಾರು ದೊಡ್ಡಮ್ಮ, ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ, ಇದೆಲ್ಲ ಚಪ್ಪರದ ದಿನವೇ ತಿಳಿದುಕೊಳ್ಳಬೇಕು. ಇನ್ನೊಂದು ಅಭ್ಯಾಸ ನನಗಿದೆ: ಎರಡೂ ಕಡೆಯ ಹಿರಿಯರನ್ನು ಊಟಕ್ಕೆ ಏಳುವ ಮುಂಚೆ ಒಬ್ಬೊಬ್ಬರನ್ನೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ನೇರ ಮುಖದ ಒಂದು ಫೋಟೋ ತೆಗೆಯುವುದು. ಪ್ಯಾಕೇಜಿನಲ್ಲಿ ಅದು ಇಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ನಮ್ಮ ಊರುಗಳಲ್ಲಿ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಎಷ್ಟೋ ಅಜ್ಜ ಅಜ್ಜಿಯರ ಪಟ ಯಾರದೋ ಮದುವೆ ಗುಂಪಿನಿಂದ ಕತ್ತರಿಸಿದ್ದು, ಪಕ್ಕದವರ ಭುಜ ಇನ್ನೂ ಮೂಲೆಯಲ್ಲಿ ಕಾಣುತ್ತಿರುತ್ತೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ತಾತನ ಒಂದು ಫೋಟೋ ಬೇಕಿತ್ತು, ನಾಳೆ ಬೆಳಿಗ್ಗೆಗೇ’ ಅಂದಾಗ ಆ ಫೈಲ್ ಇದ್ದರೆ ಸಾಕು.

ಊಟದ ವಿಷಯಕ್ಕೆ ಬಂದರೆ, ಎಲ್ಲರೂ ‘ನಿಮಗೇನಪ್ಪ, ದಿನಾ ಹೋಳಿಗೆ’ ಅನ್ನುತ್ತಾರೆ. ನಮ್ಮದು ಕೊನೆಯ ಪಂಕ್ತಿ, ವಾಲಗದವರು ಮತ್ತು ಅಡುಗೆಯವರ ಜೊತೆ. ಅಷ್ಟೊತ್ತಿಗೆ ಹೋಳಿಗೆ ಮುಗಿದಿರುತ್ತೆ, ತಿಳಿಸಾರು ಇರುತ್ತೆ. ಈ ಕಸುಬಿನ ಬಹಳ ಜನಕ್ಕೆ ಹೊಟ್ಟೆಯುರಿ, ಕತ್ತು ನೋವು, ಮಂಡಿ ನೋವು ಇದ್ದೇ ಇದೆ. ಒಂದು ಲಾಭ ಹೇಳಲೇಬೇಕು: ತಾಂಬೂಲದ ತೆಂಗಿನಕಾಯಿ. ಸೀಸನ್ನಿನಲ್ಲಿ ನಮ್ಮ ಮನೆಯಲ್ಲಿ ಕಾಯಿ ಕೊಳ್ಳುವುದೇ ಇಲ್ಲ, ಕೊಬ್ಬರಿ ಮಿಠಾಯಿ ಮಾಡಿ ಬೀದಿಗೆಲ್ಲ ಹಂಚಿದರೂ ಮುಗಿಯದು.

ನಿಮ್ಮ ತಂಗಿಗೆ ಸಂಬಂಧಿಸಿದ ಭಾಗ ಶುರುವಾಗುವುದು ಗಂಡ ಮನೆಗೆ ಬಂದ ಮೇಲೆ. ಒಂದು ಮದುವೆಗೆ ಮೂರು ಸಾವಿರ ಫ್ರೇಮ್ ಸಲೀಸಾಗಿ ಆಗುತ್ತೆ, ರಾ ಫೈಲುಗಳೇ (ಕ್ಯಾಮೆರಾದ ಮೂಲ ಫೈಲುಗಳು) 80 ಜಿಬಿ ದಾಟುತ್ತವೆ, ವಿಡಿಯೋ ಬೇರೆ. ನಾನು ಸ್ನಾನಕ್ಕೆ ಹೋಗುವ ಮುಂಚೆ ಕಾರ್ಡುಗಳು ಹೆಂಡತಿಯ ಕೈಗೆ ಹೋಗುತ್ತವೆ. ಅವಳು ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ, ಫೈಲ್ ಲೆಕ್ಕ ತಾಳೆ ನೋಡಿ, ಕಾರ್ಡಿಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ ಡಬ್ಬಿಗೆ ಹಾಕುತ್ತಾಳೆ. ಕೆಂಪು ಬ್ಯಾಂಡ್ ಇದ್ದ ಕಾರ್ಡನ್ನು ಯಾರೂ ಫಾರ್ಮ್ಯಾಟ್ ಮಾಡುವ ಹಾಗಿಲ್ಲ, ನಾನೂ ಸೇರಿ. ಒಂದು ಡಿಸ್ಕ್ ಸ್ಟುಡಿಯೋಕ್ಕೆ, ಇನ್ನೊಂದು ಮನೆಯ ಬೀರುವಿನಲ್ಲಿ ಒಡವೆ ಪಕ್ಕ. ಆಲ್ಬಂ ಶೀಟು ಜೋಡಿಸುವಾಗ ನಾನು ಬೆಳಕು ನೋಡುತ್ತೇನೆ, ಅವಳು ‘ಇಲ್ಲಿ ಹುಡುಗನ ಅಕ್ಕ ಇಲ್ವಲ್ಲ, ಭಾವನ ಫೋಟೋ ಮಾತ್ರ ಮೂರು ಹಾಕಿದ್ದೀರಿ’ ಅನ್ನುತ್ತಾಳೆ. ನನಗಿಂತ ಚೆನ್ನಾಗಿ ಅವಳಿಗೆ ನೆಂಟಸ್ತಿಕೆ ಕಾಣುತ್ತೆ. ಬಾಕಿ ಹಣಕ್ಕೆ ಫೋನ್ ಮಾಡುವವಳೂ ಅವಳೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಫೋಟೋಗ್ರಾಫರ್ ಮದುವೆಯಾದ ಅಂದರೆ ಬಹಳ ಮನೆಗಳಲ್ಲಿ ಸಂಬಳವಿಲ್ಲದ ಒಬ್ಬ ಎಡಿಟರ್, ಒಬ್ಬ ಲೆಕ್ಕಿಗ, ಒಬ್ಬ ರಿಸೆಪ್ಷನಿಸ್ಟ್ ಸಿಕ್ಕ ಹಾಗೆ. ನಮ್ಮಲ್ಲಿ ಪ್ರತಿ ಆಲ್ಬಮ್ಮಿಗೆ ಇಷ್ಟು ಅಂತ ಅವಳ ಖಾತೆಗೆ ಹೋಗುತ್ತೆ. ಅದು ನನ್ನ ದೊಡ್ಡತನದಿಂದ ಬಂದದ್ದೇನಲ್ಲ, ಅವಳು ಬಿ.ಕಾಂ. ಓದಿದವಳು, ಮೊದಲ ವರ್ಷವೇ ಲೆಕ್ಕ ಬರೆದು ಮುಂದಿಟ್ಟಳು. ನಿಮ್ಮ ತಂಗಿಗೆ ಬೇರೆ ಕೆಲಸ ಇದ್ದರೆ ಬಿಡುವುದು ಬೇಡ. ತಿಂಗಳಿಗೆ ಸರಿಯಾಗಿ ಬರುವ ಒಂದು ಸಂಬಳ ಮನೆಯಲ್ಲಿದ್ದರೆ ಆಷಾಢದ ಭಯ ಅರ್ಧ ಕಡಿಮೆ.

ದುಡ್ಡಿನ ವಿಚಾರ ನೇರವಾಗಿ ಹೇಳುತ್ತೇನೆ. ನಮ್ಮದು ಮಳೆ ನಂಬಿದ ರೈತನ ಲೆಕ್ಕ, ಸುಗ್ಗಿಯಲ್ಲಿ ಬಂದದ್ದನ್ನು ಬೇಸಾಯವಿಲ್ಲದ ತಿಂಗಳಿಗೆ ಹರಡಬೇಕು. ಅಡ್ವಾನ್ಸ್, ಮದುವೆ ದಿನ ಒಂದು ಪಾಲು, ಆಲ್ಬಂ ಕೊಡುವಾಗ ಮಿಕ್ಕದ್ದು. ಆ ಕೊನೆಯ ಪಾಲೇ ನೇತಾಡುವುದು. ಜನ ಫೋಟೋ ಸೆಲೆಕ್ಷನ್ನೇ ಕೊಡುವುದಿಲ್ಲ, ಮದುವೆ ಆಲ್ಬಂ ಬಾಕಿ ಇರುವಾಗಲೇ ಮಗುವಿನ ನಾಮಕರಣಕ್ಕೆ ಕರೆಯುತ್ತಾರೆ. ಒಂದು ಮನೆಯವರು ದಂಪತಿ ಬೇರೆಯಾದರು, ಇನ್ನು ಆಲ್ಬಂ ಯಾಕೆ ಅಂತ ಹಣ ನಿಲ್ಲಿಸಿಬಿಟ್ಟರು. ಏನಂತ ಕೇಳುವುದು? ಜೊತೆಗೆ ಸಾಮಾನಿನ ಸವೆತ. ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್ ಶಟರಿಗೆ ಕಂಪನಿಯವರು ಹೇಳುವ ಆಯಸ್ಸು ಸುಮಾರು ಒಂದೂವರೆ ಲಕ್ಷ ಕ್ಲಿಕ್, ಮೂರು ಸಾವಿರದಂತೆ ಭಾಗಿಸಿ ನೋಡಿ, ಐವತ್ತು ಮದುವೆಗೆ ಮುಗಿಯಿತು. ಅದಾದ ಮೇಲೂ ಓಡುತ್ತೆ, ಆದರೆ ಮುಹೂರ್ತದ ಹೊತ್ತಿಗೆ ಅದನ್ನು ನಂಬಿ ನಿಲ್ಲಲು ಧೈರ್ಯ ಬೇಕು. ದೂರದ್ದನ್ನು ಹತ್ತಿರ ಎಳೆದು ತೆಗೆಯುವ ಒಳ್ಳೆಯ 70-200 ಲೆನ್ಸ್ ಒಂದಕ್ಕೇ ಲಕ್ಷ ದಾಟುತ್ತೆ.

2020ರಲ್ಲಿ ಎಲ್ಲರ ಬಣ್ಣವೂ ಬಯಲಾಯಿತು. ಆ ವರ್ಷ ಅಕ್ಷಯ ತೃತೀಯ ಏಪ್ರಿಲ್ 26ಕ್ಕೆ, ಲಾಕ್‌ಡೌನ್ ಒಳಗೇ ಬಂತು. ಆಮೇಲೆ 50 ಜನಕ್ಕೆ ಅನುಮತಿ ಅಂದಾಗ ಆ ಐವತ್ತರಲ್ಲಿ ಫೋಟೋಗ್ರಾಫರನ್ನು ಎಣಿಸಬೇಕೋ ಬೇಡವೋ ಅಂತ ಮನೆಮನೆಯಲ್ಲಿ ಚರ್ಚೆ. ಆಗ ತೆಗೆದ ಹಟ್ಟಿ ಮುಂದಿನ, ತೋಟದ ಮನೆಯ ಮದುವೆಗಳ ಫೋಟೋಗಳು ನನ್ನ ಒಳ್ಳೆಯ ಕೆಲಸಗಳಲ್ಲಿ ಸೇರಿವೆ. ಕುವೆಂಪು ಅವರ ಮಂತ್ರಮಾಂಗಲ್ಯ ಪದ್ಧತಿಯ ಮದುವೆಗಳೂ ನನಗೆ ಇದೇ ಕಾರಣಕ್ಕೆ ಇಷ್ಟ, ಅಲ್ಲಿ ಮುಖಗಳ ಮುಂದೆ ಅಡ್ಡ ಬರುವ ಸಾಮಾನು ಕಡಿಮೆ. ಆದಾಯ ಮಾತ್ರ ಆ ವರ್ಷ ನೆಲಕಚ್ಚಿತು. ಎಷ್ಟೋ ಜನ ಕ್ಯಾಮೆರಾ, ಲೆನ್ಸ್ ಮಾರಿ ಬೇರೆ ಕೆಲಸಕ್ಕೆ ಹೋದರು. ನೀವು ನೋಡುತ್ತಿರುವ ಹುಡುಗ ಆ ಹೊತ್ತಿನಲ್ಲಿ ಏನು ಮಾಡಿದ ಅಂತ ಕೇಳಿ, ಬಹಳ ತಿಳಿಯುತ್ತೆ.

ನಿಮ್ಮ ಅಮ್ಮನ ಭಯಗಳಿಗೆ ಬರುತ್ತೇನೆ. ‘ದಿನಾ ಹೆಣ್ಣುಮಕ್ಕಳ ಮಧ್ಯೆ ಇರುತ್ತಾನೆ’ ಅನ್ನುವುದು ಒಂದು. ಮಂಟಪದ ಮೇಲೆ ನಿಂತವನಿಗೆ ಕಾಣುವುದು ಬೈತಲೆಬೊಟ್ಟು ಓರೆಯಾಗಿದೆಯಾ, ಅರಿಶಿನದ ಮುಖಕ್ಕೆ ಹಸಿರು ಛಾಯೆ ಬಂತಾ ಅನ್ನುವುದು. ಈ ಚಿಂತೆ ಬಿಡಲು ಹೇಳಿ. ಶೆಟ್ಟಿಹಳ್ಳಿಯಂಥ ಕಡೆ ಪ್ರೀ-ವೆಡ್ಡಿಂಗ್ ಶೂಟ್ ಅಂತ ಹೋಗುವುದೂ ಅಷ್ಟೇ. ಗೊರೂರು ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಆ ಹಳೆಯ ಚರ್ಚಿನ ಮುಂದೆ ಸರದಿಯಲ್ಲಿ ನಾಲ್ಕು ಜೋಡಿ ಕಾಯುತ್ತಿರುತ್ತವೆ, ಕೆಸರಿನಲ್ಲಿ ಗೌನ್ ಹಿಡಿದುಕೊಳ್ಳುವುದೇ ಕೆಲಸ. ಕುಡಿತದ ಬಗ್ಗೆ ವಿಚಾರಿಸುವುದು ಒಳ್ಳೆಯದು, ಆರತಕ್ಷತೆ ಮುಗಿದ ಮೇಲೆ ತಂಡದಲ್ಲಿ ಅದು ಸಲೀಸಾಗಿ ಅಂಟಿಕೊಳ್ಳುತ್ತೆ. ಎಲ್ಲಕ್ಕಿಂತ ನಿಜವಾದ ಅಪಾಯವನ್ನು ಅಮ್ಮ ಹೇಳಿಯೇ ಇಲ್ಲ: ನಿದ್ದೆಗೆಟ್ಟು ಗಾಡಿ ಓಡಿಸುವುದು. ಸಕಲೇಶಪುರದ ಕಡೆ ಮದುವೆ ಮುಗಿಸಿ ನಡುರಾತ್ರಿ ಮಂಜಿನಲ್ಲಿ ವಾಪಸ್ ಬರುವುದು, ಬೆಳಿಗ್ಗೆ ಇನ್ನೊಂದು ಮುಹೂರ್ತ. ನಮ್ಮ ಮನೆಯಲ್ಲಿ ಇದಕ್ಕೆ ಒಂದೇ ಕಾನೂನು, ಹನ್ನೊಂದು ದಾಟಿದರೆ ಛತ್ರದಲ್ಲೇ ಜಮಖಾನ ಹಾಸಿ ಮಲಗಬೇಕು, ಬೆಳಿಗ್ಗೆ ಹೊರಡಬೇಕು. ಇದು ಹೆಂಡತಿ ಹಾಕಿದ ಕಾನೂನು. ನಿಮ್ಮ ತಂಗಿಯೂ ನಿಶ್ಚಿತಾರ್ಥದ ದಿನವೇ ಹಾಕಲಿ.

ಹುಡುಗನನ್ನು ನೋಡುವ ಬಗೆ: ಇನ್‌ಸ್ಟಾಗ್ರಾಂ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಎಲ್ಲರೂ ಚೆನ್ನಾಗಿಯೇ ತೆಗೆಯುತ್ತಾರೆ. ಒಂದು ಇಡೀ ಮದುವೆಯ ಆಲ್ಬಂ ತೋರಿಸು ಅನ್ನಿ, ಅದರಲ್ಲಿ ಬಡ ನೆಂಟರು, ಅಡುಗೆಯವರು, ಹಿಂದಿನ ಸಾಲಿನ ಅಜ್ಜಿ ಇದ್ದಾರಾ ನೋಡಿ. ಕಾರ್ಡ್ ಕೆಟ್ಟರೆ ಏನು ಮಾಡುತ್ತೀಯ ಅಂತ ಕೇಳಿ, ಉತ್ತರಕ್ಕೆ ತಡವರಿಸಿದರೆ ಎರಡನೇ ಕಾಪಿ ಇಲ್ಲ ಅಂತ ಅರ್ಥ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುತ್ತಾನಾ ಕೇಳಿ, ಸಂಬಳ ಚೀಟಿ ಇಲ್ಲದವನಿಗೆ ನಾಳೆ ಮನೆ ಸಾಲಕ್ಕೆ ಬ್ಯಾಂಕಿನವರು ಕೇಳುವುದು ಅದನ್ನೇ. ಸಾಧ್ಯವಾದರೆ ಅವನು ಕೆಲಸ ಮಾಡುತ್ತಿರುವ ಯಾವುದಾದರೂ ಮದುವೆಗೆ ಹೇಳದೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಲೈಟ್ ಹಿಡಿಯುವ ಹುಡುಗನ ಮೇಲೆ ರೇಗುತ್ತಾನಾ, ಅವನನ್ನು ಊಟಕ್ಕೆ ಜೊತೆಗೆ ಕರೆದುಕೊಂಡು ಹೋಗುತ್ತಾನಾ, ಅಷ್ಟು ಗಮನಿಸಿ.

ಸಂಬಂಧ ಕುದುರಿದರೆ ಇನ್ನೊಂದು ಮಾತಿಗೆ ಈಗಲೇ ಸಿದ್ಧರಾಗಿರಿ. ನಿಮ್ಮ ಪುರೋಹಿತರು ಬರೆದುಕೊಡುವ ಬಲವಾದ ಮುಹೂರ್ತಗಳಿಗೆಲ್ಲ ಅವನು ಆಗಲೇ ಬೇರೆಯವರಿಂದ ಅಡ್ವಾನ್ಸ್ ತೆಗೆದುಕೊಂಡಿರುತ್ತಾನೆ. ‘ಆ ದಿನ ಆಗಲ್ಲ, ಅದರ ಹಿಂದಿನ ಬುಧವಾರ ನೋಡಿ’ ಅಂದರೆ ಕೋಪ ಮಾಡಿಕೊಳ್ಳಬೇಡಿ. ಬುಧವಾರವಾದರೆ ಛತ್ರವೂ ಕಡಿಮೆಗೆ ಸಿಗುತ್ತೆ. ದಿನ ಗೊತ್ತಾದ ಕೂಡಲೇ ನಿಮ್ಮ ಕಡೆಯಿಂದ ಒಬ್ಬ ಫೋಟೋಗ್ರಾಫರನ್ನು ಗೊತ್ತು ಮಾಡಿ ಮುಂಗಡ ಕೊಟ್ಟುಬಿಡಿ. ಇಲ್ಲದಿದ್ದರೆ ಮದುಮಗನೇ ಪೇಟ ಇಟ್ಟುಕೊಂಡು ಫ್ಲ್ಯಾಶ್ ಎಲ್ಲಿಡಬೇಕು ಅಂತ ಹೇಳಿಕೊಡುತ್ತಾ ನಿಲ್ಲುತ್ತಾನೆ.